ರಾಷ್ಟ್ರಪತಿ ಚುನಾವಣೆಯಲ್ಲಿ ಶಾಸಕರ ಮತ

ಸಿಂದಗಿ ತಾಲ್ಲೂಕಿನ ಮೋರಟಗಿಯ ಮತದಾರರು ರಾಷ್ಟ್ರಪತಿಗೆ ನೇರವಾಗಿ ಮತ ಹಾಕುವುದಿಲ್ಲ. ಅವರು ಆರಿಸಿ ಕಳಿಸಿದ ಶಾಸಕ, ಲೋಕಸಭಾ ಸದಸ್ಯರೇ ಆ ಮತ ಹಾಕುವವರು. ಇಂಥದೇ ಪರೋಕ್ಷ ಚುನಾವಣೆಯಿರುವ ಅಮೆರಿಕದಲ್ಲಿ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳ ನೇಮಕ ಆಯಾ ರಾಜ್ಯದ ಕಾನೂನಿನಂತೆ ನಡೆಯುತ್ತದೆ. ಇಂಥ ಅಭ್ಯರ್ಥಿಗೇ ಮತ ಹಾಕುವೆನೆಂದು ಕೊಟ್ಟ ಮಾತು ತಪ್ಪಿದ ಪ್ರತಿನಿಧಿಗಳನ್ನು ರಾಜ್ಯ ದಂಡಿಸಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಭಾರತದಲ್ಲಿ ಮತ ಹಾಕುವವರು ಯಾರೆಂದು ನಿರ್ಧರಿಸುವ ಅಧಿಕಾರ ರಾಜ್ಯಗಳಿಗಿಲ್ಲ. ಸಂವಿಧಾನದ 54ನೇ ವಿಧಿಯೇ ಮತದಾರರು ಯಾರೆಂದು ಗೊತ್ತುಮಾಡಿದೆ: ಸಂಸತ್ತಿನ ಹಾಗೂ ವಿಧಾನಸಭೆಗಳ ಚುನಾಯಿತ ಸದಸ್ಯರು. ನಾಮಕರಣಗೊಂಡವರಿಗೆ, ವಿಧಾನ ಪರಿಷತ್ತಿನವರಿಗೆ ಮತವಿಲ್ಲ.

ಶಾಸಕರ ಮತದ ಮೌಲ್ಯ ಎಲ್ಲೆಡೆ ಒಂದೇ ಅಲ್ಲ. 1971ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 2,92,99,014. ಅದನ್ನು 224 ಸ್ಥಾನಗಳಿಂದ, ಮತ್ತೆ ಸಾವಿರದಿಂದ ಭಾಗಿಸಿದರೆ ಒಬ್ಬ ಶಾಸಕನ ಮತಕ್ಕೆ 131ರ ಮೌಲ್ಯ ಬರುತ್ತದೆ. ಉತ್ತರ ಪ್ರದೇಶದಲ್ಲಿ ಅದು 208, ಸಿಕ್ಕಿಂನಲ್ಲಿ ಬರೀ 7. ಅರ್ಧ ಶತಮಾನದ ಹಿಂದಿನ ಗಣತಿಯನ್ನೇ ಹಿಡಿದಿರುವುದು ವಿಚಿತ್ರವೆನಿಸಬಹುದು. ಜನಸಂಖ್ಯೆ ನಿಯಂತ್ರಿಸಿದ ರಾಜ್ಯಗಳ ತೂಕ ಕುಗ್ಗದಿರಲೆಂಬುದು ಇದರ ಹಿಂದಿನ ಕಾರಣ.

ಕರ್ನಾಟಕದ ಶಾಸಕರು ಸಾಮಾನ್ಯವಾಗಿ ವಿಧಾನಸೌಧದಲ್ಲಿ, ಚುನಾವಣಾ ಆಯೋಗ ಕೊಟ್ಟ ನೇರಳೆ ಶಾಯಿಯ ಪೆನ್ನಿನಿಂದಲೇ 1, 2 ಎಂದು ಪ್ರಾಶಸ್ತ್ಯ ಬರೆಯಬೇಕು. ಮತದಾನ ಗುಪ್ತ. ಪಕ್ಷಗಳು ವಿಪ್ ಹೊರಡಿಸುವಂತಿಲ್ಲ, ಪಕ್ಷಾಂತರ ನಿಷೇಧ ಕಾನೂನೂ ಅನ್ವಯಿಸದು.

ಪಕ್ಷದ ಹಿಡಿತ ಎಷ್ಟು ಸಡಿಲವಾಗಬಲ್ಲದೆಂಬುದು 1969ರಲ್ಲಿ ಕಂಡಿತು. ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ ಸಂಸದೀಯ ಮಂಡಳಿ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿ ಮಾಡಿತು. ಆಗ ಪಕ್ಷದ ಅಧ್ಯಕ್ಷರು ಎಸ್. ನಿಜಲಿಂಗಪ್ಪ. ಪ್ರಧಾನಿ ಇಂದಿರಾ ಗಾಂಧಿ ಆತ್ಮಸಾಕ್ಷಿಯ ಮತಕ್ಕೆ ಕರೆ ಕೊಟ್ಟರು. ಮೊದಲ ಎಣಿಕೆಯಲ್ಲಿ ಯಾರಿಗೂ ಬಹುಮತ ಬರದೆ, ಎರಡನೇ ಪ್ರಾಶಸ್ತ್ಯಗಳನ್ನು ಎಣಿಸಿದ ಮೇಲೆ ರೆಡ್ಡಿಯವರ ಎದುರು ನಿಂತಿದ್ದ ವಿ.ವಿ. ಗಿರಿ ಗೆದ್ದರು.