ಕಬ್ಬಿಣದ ಪರಮಾಣು ಕಲಿಸಿದ ಪಾಠ

ವಸ್ತುವಿನ ಅಂತರಂಗವನ್ನು ಅರಿಯಲು ಹೊರಟ ಭೌತವಿಜ್ಞಾನಿಗಳು ಬಹುಕಾಲ ಒಂದು ನಂಬುಗೆಯನ್ನು ಪ್ರಶ್ನಿಸದೆಯೇ ನಡೆದರು. ಪರಮಾಣುವಿನ ಬೀಜವೆಂಬುದು ಚೀಲದಲ್ಲಿ ತುಂಬಿದ ಗೋಲಿಗಳಂತೆ ಪ್ರೋಟಾನು ನ್ಯೂಟ್ರಾನುಗಳ ಒಂದು ಗುಂಪು. ಆ ಗುಂಪಿಗೆ ಸೇರಿದ ಮಾತ್ರಕ್ಕೆ ಕಣವೊಂದರ ಒಳಸ್ವಭಾವ ಬದಲಾಗಲಾರದು ಎಂಬುದೇ ಆ ನಂಬುಗೆ. ಅದು ನಿರಾಧಾರವೂ ಆಗಿರಲಿಲ್ಲ. ಬೀಜದಲ್ಲಿ ಒಂದೊಂದು ಕಣವನ್ನು ಹಿಡಿದಿಟ್ಟಿರುವ ಬಂಧನಶಕ್ತಿ ಸರಾಸರಿ 8 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಆ ಕಣದ ದ್ರವ್ಯರಾಶಿಯಲ್ಲಿ ಅಡಗಿರುವ ಶಕ್ತಿಯಾದರೋ ಸುಮಾರು 939 ಮಿಲಿಯನ್. ನೂರರಲ್ಲಿ ಒಂದು ಪಾಲಿಗೂ ಕಡಮೆಯಾದ ಈ ನಂಟು ಕಣದ ಒಡಲನ್ನೇ ಮಾರ್ಪಡಿಸೀತೆಂದು ಯಾರು ತಾನೆ ಎಣಿಸಿಯಾರು?

ಬೀಜದೊಳಕ್ಕೆ ಇಣುಕಲು ಅವರು ಆಯ್ದ ಸಾಧನ ಎಲೆಕ್ಟ್ರಾನ್. ಬೀಜವನ್ನು ಕಟ್ಟಿರುವ ಪ್ರಬಲ ಬಲಕ್ಕೆ ಅದು ಒಳಪಡುವುದಿಲ್ಲವಾಗಿ, ಚದರಿಬಂದ ಎಲೆಕ್ಟ್ರಾನು ಹೇಳುವ ಸಾಕ್ಷ್ಯವನ್ನು ಓದುವುದು ಸುಲಭ. 1950ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ರಾಬರ್ಟ್ ಹಾಫ್‌ಸ್ಟ್ಯಾಟರ್ ಈ ವಿಧಾನದಿಂದ ಬೀಜಗಳ ಮತ್ತು ಪ್ರೋಟಾನಿನ ಗಾತ್ರವನ್ನು ಅಳೆದು 1961ರ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. 1967ರಿಂದ ಮುಂದಕ್ಕೆ ಸ್ಟ್ಯಾನ್‌ಫರ್ಡಿನ ಉದ್ದನೆಯ ವೇಗವರ್ಧಕದಲ್ಲಿ ಫ್ರೀಡ್‌ಮನ್, ಕೆಂಡಾಲ್, ಟೇಲರ್ ಇವರ ತಂಡ ಇನ್ನೂ ಹೆಚ್ಚಿನ ಶಕ್ತಿಯ ಎಲೆಕ್ಟ್ರಾನುಗಳನ್ನು ಜಲಜನಕ, ಡ್ಯೂಟೀರಿಯಂಗಳ ಮೇಲೆ ಹಾಯಿಸಿದಾಗ, ಪ್ರೋಟಾನಿನೊಳಗೆ ಬಿಂದುಸದೃಶವಾದ ಗಟ್ಟಿ ಕಣಗಳಿರುವುದು ತಿಳಿದುಬಂತು. ಕ್ವಾರ್ಕುಗಳೆಂದು ನಾವು ಇಂದು ಕರೆಯುವುದು ಅವನ್ನೇ.

ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ ಯೂರೋಪಿನ ಮ್ಯೂಆನ್ ತಂಡ ಇದೇ ಹಾದಿಯನ್ನು ಹಿಡಿಯಿತು. ಎಲೆಕ್ಟ್ರಾನಿನ ಸೋದರನಾದರೂ ಅದಕ್ಕಿಂತ ಇನ್ನೂರು ಪಟ್ಟು ಭಾರವಾದ ಮ್ಯೂಆನನ್ನು ಡ್ಯೂಟೀರಿಯಂ ಮಾತ್ರವಲ್ಲದೆ ಕಬ್ಬಿಣದ ಮೇಲೂ ಹಾಯಿಸಿದುದಕ್ಕೆ ಕಾರಣ ಸರಳವಾಗಿತ್ತು: ಕಬ್ಬಿಣದಲ್ಲಿ ದ್ರವ್ಯ ಒತ್ತಾಗಿರುವುದರಿಂದ ಘಟನೆಗಳು ಹೆಚ್ಚಾಗಿ ದೊರೆಯುತ್ತಿದ್ದವು. ಕಣವೊಂದಕ್ಕೆ ಇಷ್ಟೆಂದು ಎಣಿಸಿ ಎರಡನ್ನೂ ಹೋಲಿಸಿದರೆ ಅನುಪಾತ ಒಂದರ ಆಸುಪಾಸಿನಲ್ಲಿದ್ದು, ಬೀಜದೊಳಗಿನ ಕಣಗಳ ಓಡಾಟದಿಂದಾಗಿ ಅತಿ ಹೆಚ್ಚಿನ ಸಂವೇಗದ ಕ್ವಾರ್ಕುಗಳ ಕಡೆಗೆ ಮೇಲೇರಬೇಕೆಂಬುದು ಎಲ್ಲರ ನಿರೀಕ್ಷೆ. 1983ರಲ್ಲಿ ಪ್ರಕಟವಾದ ಫಲಿತಾಂಶ ಇದಕ್ಕೆ ತೀರ ವಿಪರೀತವಾಗಿತ್ತು. ಪ್ರೋಟಾನಿನ ಸಂವೇಗದಲ್ಲಿ ದೊಡ್ಡ ಪಾಲನ್ನು ಹೊತ್ತ ಕ್ವಾರ್ಕುಗಳು ಕಬ್ಬಿಣದಲ್ಲಿ ನೂರಕ್ಕೆ ಹತ್ತು ಹದಿನೈದರಷ್ಟು ಕಡಮೆಯಾಗಿದ್ದವು.

ಈ ಮಾತಿಗೆ ಬೆಂಬಲ ಬಂದ ಬಗೆ ವಿಜ್ಞಾನದ ಚರಿತ್ರೆಯಲ್ಲಿ ನೆನಪಿಡತಕ್ಕುದಾಗಿದೆ. ಸ್ಟ್ಯಾನ್‌ಫರ್ಡಿನ ಹಿಂದಿನ ಪ್ರಯೋಗಗಳಲ್ಲಿ ದ್ರವ ಜಲಜನಕವನ್ನು ತುಂಬಿದ ಪಾತ್ರೆಯ ಲೋಹದ ಗೋಡೆಗೆ ತಗುಲಿ ಚದರುವ ಎಲೆಕ್ಟ್ರಾನುಗಳನ್ನು ಲೆಕ್ಕದಿಂದ ಕಳೆಯುವುದಕ್ಕೋಸ್ಕರ ಖಾಲಿ ಪಾತ್ರೆಯ ಅಳತೆಗಳನ್ನೂ ತೆಗೆದಿಟ್ಟಿದ್ದರು. ಏರೀ ಬೋಡೆಕ್ ಮತ್ತು ಸಂಗಡಿಗರು ದಶಕದ ಹಿಂದಿನ ಆ ಅಂಕಿಗಳನ್ನು ಮರಳಿ ತೆರೆದು ನೋಡಿದಾಗ, ಉಕ್ಕು ಮತ್ತು ಅಲ್ಯುಮಿನಿಯಂಗಳು ಅದೇ ಸಂಗತಿಯನ್ನು ಅಷ್ಟು ವರ್ಷಗಳಿಂದ ಹೇಳುತ್ತಲೇ ಇದ್ದುವೆಂಬುದು ಗೊತ್ತಾಯಿತು. ಬೇಡವೆಂದು ಕಳೆದುಹಾಕಿದ್ದರಲ್ಲಿಯೇ ಹೊಸ ಜ್ಞಾನ ಕುಳಿತಿತ್ತು.

ಬಳಿಕ ಹೀಲಿಯಂನಿಂದ ಚಿನ್ನದವರೆಗೆ ಪರೀಕ್ಷಿಸಿದಾಗ, ಭಾರವಾದ ಬೀಜಗಳಲ್ಲಿ ಈ ಪರಿಣಾಮ ಹೆಚ್ಚುವುದು ಸ್ಪಷ್ಟವಾಯಿತು. ಅಲ್ಪ ಸಂವೇಗದ ಕ್ವಾರ್ಕುಗಳಲ್ಲಿ ಬೇರೊಂದು ಕೊರತೆ ಕಂಡಿತು; ಮುಂದಿನ ಕಣಗಳು ಹಿಂದಿನವಕ್ಕೆ ಮರೆಯಾಗುವಂತೆ ತೋರುವ ಇದಕ್ಕೆ ನೆರಳಿನ ಪರಿಣಾಮವೆಂದು ಹೆಸರು. ವರ್ಜೀನಿಯಾದ ಜೆಫರ್ಸನ್ ಪ್ರಯೋಗಾಲಯದ ಶೋಧಕರು 2008ರಲ್ಲಿ, ಇಂಗಾಲದ ಬೀಜದಲ್ಲಿ ನೂರಕ್ಕೆ ಸುಮಾರು 20 ಕಣಗಳು ಯಾವುದೇ ಕ್ಷಣದಲ್ಲಿ ಒಂದಕ್ಕೊಂದು ಬಲು ಹತ್ತಿರ ಬಂದು ಜೋಡಿಯಾಗಿರುತ್ತವೆಂದೂ, ಆ ಜೋಡಿಗಳಲ್ಲಿ ಹತ್ತಕ್ಕೆ ಒಂಬತ್ತು ಪ್ರೋಟಾನು ನ್ಯೂಟ್ರಾನುಗಳವೇ ಎಂದೂ ತೋರಿಸಿದರು. ಜೋಡಿಗಳು ಹೆಚ್ಚಿರುವ ಬೀಜದಲ್ಲಿ 1983ರ ಪರಿಣಾಮವೂ ಹೆಚ್ಚೆಂಬುದು 2011ರಲ್ಲಿ ಕಂಡುಬಂತು. ಕಾರಣವೇನೆಂಬ ವಾದ ಮಾತ್ರ ಇಂದಿಗೂ ಮುಗಿದಿಲ್ಲ.

ಈ ವಾದಕ್ಕೆ ನ್ಯೂಟ್ರಿನೋ ಬಂದು ಸೇರಿದಾಗ ಅದರ ಮಹತ್ತ್ವ ಇಮ್ಮಡಿಸಿತು. ನ್ಯೂಟ್ರಿನೋವಿಗೆ ವಿದ್ಯುದಂಶವಿಲ್ಲ, ದುರ್ಬಲ ಬಲದ ಮೂಲಕವಷ್ಟೇ ಅದು ವಸ್ತುವನ್ನು ತಾಗೀತು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳನ್ನು 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಆಳದಲ್ಲಿ, ಭಾರತ, ಜಪಾನ್, ಬ್ರಿಟನ್‌ಗಳ ವಿಜ್ಞಾನಿಗಳು ಗುರುತಿಸಿದ್ದು ಸುತ್ತಣ ಬಂಡೆಯ ಪರಮಾಣು ಬೀಜಗಳಿಗೆ ಅವು ತಗುಲಿದಾಗ ಹೊಮ್ಮಿದ ಮ್ಯೂಆನುಗಳ ಮೂಲಕ. ಆ ತಂಡದಲ್ಲಿದ್ದ ಬಿ. ವಿ. ಶ್ರೀಕಂಠನ್ ಮೈಸೂರು ಸೀಮೆಯವರೆಂಬುದು ನಮ್ಮ ಅಭಿಮಾನದ ವಿಷಯ. ಇಷ್ಟು ವಿರಳವಾಗಿ ತಾಗುವ ಕಣವನ್ನು ಹಿಡಿಯಲು ಬೃಹತ್ ಪ್ರಮಾಣದ ದ್ರವ್ಯ ಬೇಕು. ಆದುದರಿಂದ ನ್ಯೂಟ್ರಿನೋ ಪ್ರಯೋಗಗಳಲ್ಲಿ ಇಂಗಾಲ, ಆಮ್ಲಜನಕ, ಕಬ್ಬಿಣ, ಆರ್ಗಾನ್‌ಗಳ ಬೀಜಗಳಿಂದ ತಪ್ಪಿಸಿಕೊಳ್ಳುವಂತಿಲ್ಲ.

ಅಮೆರಿಕದ ಫರ್ಮಿಲ್ಯಾಬಿನ ಮಿನಿಬೂನ್ ಪ್ರಯೋಗದಲ್ಲಿ ತೈಲದೊಳಗಿನ ಇಂಗಾಲಕ್ಕೆ ತಗುಲಿದ ನ್ಯೂಟ್ರಿನೋ ಘಟನೆಗಳು ಲೆಕ್ಕಕ್ಕಿಂತ ಹೆಚ್ಚಾಗಿ ಬಂದಾಗ ಈ ತೊಡಕು ಬಯಲಾಯಿತು. ನ್ಯೂಟ್ರಿನೋ ಒಂದೇ ನ್ಯೂಟ್ರಾನನ್ನಲ್ಲದೆ ಒಮ್ಮೊಮ್ಮೆ ಜೋಡಿಯನ್ನೇ ಹೊಡೆದೆಬ್ಬಿಸುತ್ತದೆಂದು ಮಾಗ್ದಾ ಎರಿಕ್ಸನ್ ಮತ್ತು ಸಂಗಡಿಗರು ಅದೇ ಸುಮಾರಿಗೆ ವಿವರಿಸಿದರು. ಒಂದನ್ನು ಹೊಡೆದಿತೆಂದು ಭಾವಿಸಿ ಗಣಿಸಿದರೆ ನ್ಯೂಟ್ರಿನೋವಿನ ಶಕ್ತಿಯೇ ತಪ್ಪಾಗುತ್ತದೆ. ಶಕ್ತಿ ತಪ್ಪಿದರೆ, ಒಂದು ಬಗೆಯ ನ್ಯೂಟ್ರಿನೋ ಹಾದಿಯಲ್ಲಿ ಮತ್ತೊಂದಾಗಿ ಮಾರ್ಪಡುವ ಲೆಕ್ಕವೂ ತಪ್ಪುತ್ತದೆ. ಫರ್ಮಿಲ್ಯಾಬಿನ ಮಿನರ್ವಾ ಪ್ರಯೋಗ ಹೀಲಿಯಂ, ನೀರು, ಇಂಗಾಲ, ಕಬ್ಬಿಣ, ಸೀಸಗಳನ್ನು ಒಂದೇ ನ್ಯೂಟ್ರಿನೋ ಪ್ರವಾಹದಲ್ಲಿಟ್ಟು ಹೋಲಿಸಿದ್ದು ಇದೇ ಕಾರಣಕ್ಕಾಗಿ.

ಫರ್ಮಿಲ್ಯಾಬಿನಿಂದ 1,300 ಕಿಲೋಮೀಟರು ದೂರದ ದಕ್ಷಿಣ ಡಕೋಟಾದಲ್ಲಿ, ಭೂಗರ್ಭದಲ್ಲಿ ದ್ರವ ಆರ್ಗಾನ್ ತುಂಬಿದ ಡ್ಯೂನ್ ಶೋಧಕ ಸಿದ್ಧವಾಗುತ್ತಿದೆ. ವಿಶ್ವದಲ್ಲಿ ಪ್ರತಿವಸ್ತು ಅಳಿದು ವಸ್ತು ಉಳಿದುದೇಕೆಂಬ ಪ್ರಶ್ನೆಗೆ, ನ್ಯೂಟ್ರಿನೋ ಮತ್ತು ಪ್ರತಿನ್ಯೂಟ್ರಿನೋಗಳ ನಡತೆಯ ವ್ಯತ್ಯಾಸದಲ್ಲಿ ಅದು ಉತ್ತರವನ್ನು ಅರಸಲಿದೆ. ಆದರೆ ಆರ್ಗಾನಿನ ಬೀಜವೂ ಅವೆರಡನ್ನು ಬೇರೆಬೇರೆಯಾಗಿ ನಡೆಸಿಕೊಳ್ಳುವುದರಿಂದ, ಬೀಜದ ಪಾಲನ್ನು ಬೇರ್ಪಡಿಸದೆ ವಿಶ್ವದ ಪಾಲನ್ನು ತಿಳಿಯಲಾಗದು. ಅಲೀಗಢದ ಮುಸ್ಲಿಂ ವಿಶ್ವವಿದ್ಯಾನಿಲಯದ ಸಿದ್ಧಾಂತಿಗಳು ದಶಕಗಳಿಂದ ಈ ಗಣನೆಯಲ್ಲಿ ತೊಡಗಿದ್ದಾರೆ. ಕೋಲಾರದ ಪರಂಪರೆಯನ್ನು ಪಡೆದ ನಾಡಿನ ತರುಣ ವಿದ್ಯಾರ್ಥಿಗಳೂ, ಉಪದ್ರವವೆಂದು ಬಹುಮಂದಿ ಬದಿಗೆ ಸರಿಸುವ ಈ ಕಠಿನ ವಿಷಯವನ್ನು ತಮ್ಮ ಅಧ್ಯಯನಕ್ಕೆ ಎತ್ತಿಕೊಳ್ಳಬೇಕು. ಮಾಡಬೇಕಾದ ಕೆಲಸ ಅಲ್ಲಿ ಯಥೇಷ್ಟವಾಗಿದೆ.