ಹಾರದ ಕೆಳಗೆ ಉಳಿದ ಚಿತ್ರ

ಏಪ್ರಿಲ್ 17ರಂದು ಪುತ್ತೂರು ಮಹಾಲಿಂಗೇಶ್ವರನ ಬ್ರಹ್ಮರಥೋತ್ಸವ. ಮಾರ್ಗಶಿರದ ಚಂಪಾಷಷ್ಠಿಗೆ, ಈಗ ಕಡಬ ತಾಲೂಕಿಗೆ ಸೇರಿರುವ ಕುಕ್ಕೆ ಸುಬ್ರಹ್ಮಣ್ಯದ ತೇರು. ಇವುಗಳ ಜೊತೆಗೆ ಪುತ್ತೂರು, ಸುಳ್ಯ, ಕಡಬದ ಊರೂರುಗಳಲ್ಲಿ ಬ್ರಹ್ಮಕಲಶ, ನೇಮ, ಬಯಲಾಟಗಳ ಸಾಲು. ಒಂದೊಂದಕ್ಕೂ ಆಮಂತ್ರಣ ಬೇಕು, ಬ್ಯಾನರು ಬೇಕು. ಪೇಟೆಯ ಡಿಟಿಪಿ ಅಂಗಡಿಯಲ್ಲಿ ಎಲ್ಲ ಮುಗಿಯಿತು ಎನ್ನುವಾಗ ಸಮಿತಿಯವರು ಓಡಿಬರುತ್ತಾರೆ: ಒಂದು ಹೆಸರು ಬಿಟ್ಟುಹೋಗಿದೆ! ಊರಿನಲ್ಲಿ ಹತ್ತು ವರ್ಷದ ಮುನಿಸಿಗೆ ಅಷ್ಟು ಸಾಕು. ಅದನ್ನು ಸೇರಿಸಲು ಐದು ನಿಮಿಷ ಸಾಕೋ, ರಾತ್ರಿಯಿಡೀ ಕೂರಬೇಕೋ ಎಂಬುದು ಫೈಲಿನಲ್ಲಿ ಪದರಗಳು ಉಳಿದಿವೆಯೇ ಎಂಬುದನ್ನು ಅವಲಂಬಿಸಿದೆ.

ಪದರ, ಅಂದರೆ ಲೇಯರ್. ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಗಳನ್ನು ಮೇಲಿನಿಂದ ನೋಡಿದಂತೆ. ಅಡಿಯಲ್ಲಿ ಗೋಪುರ, ಅದರ ಮೇಲೆ ದೇವರ ಪಟ, ಅದರ ಮೇಲೆ ಅಕ್ಷರ. ನೋಡುವ ಕಣ್ಣಿಗೆ ಚಿತ್ರ ಒಂದೇ; ಕೆಲಸ ಮಾಡುವ ಕೈಗೆ ಮೂರು. ತೆಂಕುತಿಟ್ಟಿನ ಬಣ್ಣದ ವೇಷದಲ್ಲೂ ಪದರಗಳಿವೆ: ಮುಖಕ್ಕೆ ಬಣ್ಣ, ಅದರ ಮೇಲೆ ಅಕ್ಕಿಹಿಟ್ಟು, ಸುಣ್ಣಗಳ ಚಿಟ್ಟಿ. ಆದರೆ ಚಿಟ್ಟಿ ಇಟ್ಟ ಮೇಲೆ ಅಡಿಯ ಬಣ್ಣವನ್ನು ಬದಲಿಸಬೇಕೆಂದರೆ ಎಲ್ಲವನ್ನೂ ಒರೆಸಿ ಮೊದಲಿಂದ ಕೂರಬೇಕು.

ಕಂಪ್ಯೂಟರಿನಲ್ಲೂ ಮೊದಲು ಹಾಗೆಯೇ ಇತ್ತು. ಥಾಮಸ್ ಮತ್ತು ಜಾನ್ ನೋಲ್ ಸಹೋದರರು ರೂಪಿಸಿದ ಫೋಟೊಶಾಪ್ ಅನ್ನು ಅಡೋಬಿ ಸಂಸ್ಥೆ 1990ರಲ್ಲಿ ಮಾರುಕಟ್ಟೆಗೆ ತಂದಾಗ ಅದರಲ್ಲಿ ಪದರಗಳಿರಲಿಲ್ಲ. ಅಂಟಿಸಿದ್ದು ಅಂಟಿಯೇ ಹೋಗುತ್ತಿತ್ತು. ಪದರ ಬಂದದ್ದು 1994ರಲ್ಲಿ, 3ನೇ ಆವೃತ್ತಿಯಲ್ಲಿ. ಚಿತ್ರದ ಮೇಲೆ ಬರೆದ ಅಕ್ಷರವನ್ನು ಮತ್ತೆ ತಿದ್ದುವ ಅನುಕೂಲಕ್ಕೆ 1998ರ 5ನೇ ಆವೃತ್ತಿಯವರೆಗೆ ಕಾಯಬೇಕಾಯಿತು.

ಕನ್ನಡಕ್ಕೆ ಇನ್ನೊಂದು ತೊಡಕು. ಹಳೆಯ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದಂಥವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಫೈಲು ತೆರೆದರೆ ಅಧ್ಯಕ್ಷರ ಹೆಸರು ಅರ್ಥವಿಲ್ಲದ ಇಂಗ್ಲಿಷ್ ಸಾಲಾಗುತ್ತದೆ. ಅದಕ್ಕೆಂದೇ ಮುದ್ರಣಕ್ಕೆ ಕಳಿಸುವ ಮುನ್ನ ಅಕ್ಷರವನ್ನು ಚಿತ್ರವಾಗಿ ಮಾರ್ಪಡಿಸುವುದು ರೂಢಿ. ಆಮೇಲೆ ಅದು ಕೆಡುವುದಿಲ್ಲ ನಿಜ, ತಿದ್ದಲೂ ಬರುವುದಿಲ್ಲ.

ಆಮಂತ್ರಣವನ್ನಾದರೂ ಮತ್ತೆ ಮಾಡಬಹುದು. ಭಾವಚಿತ್ರದ ಮಾತು ಬೇರೆ. ಹಿರಿಯರೊಬ್ಬರು ತೀರಿಕೊಂಡಾಗ ಮನೆಯಲ್ಲಿ ಸಿಗುವುದು ಯಾರದೋ ಮದುವೆಯ ಗುಂಪುಚಿತ್ರ. ಸ್ಟುಡಿಯೋದವರು ಅದರಿಂದ ಮುಖವನ್ನು ಬಿಡಿಸಿ, ಹಿಂದೆ ನೀಲಿ ಬಣ್ಣ ತುಂಬಿ, ಕೊರಳಿಗೆ ಹಾರ ಹಾಕಿ, ಶ್ರದ್ಧಾಂಜಲಿಯ ಫಲಕ ಮಾಡುತ್ತಾರೆ. ವರ್ಷ ಕಳೆದ ಮೇಲೆ ಮಕ್ಕಳಿಗೆ ಹಾರವಿಲ್ಲದ ಚಿತ್ರ ಬೇಕೆನಿಸುತ್ತದೆ. ಅಷ್ಟರಲ್ಲಿ ಹಳೆಯ ಪಟಕ್ಕೆ ಗೆದ್ದಲು ಹಿಡಿದಿದ್ದರೆ, ಮೊಬೈಲಿನಲ್ಲಿರುವುದು ಜೆಪೆಗ್ ಒಂದೇ ಆಗಿದ್ದರೆ, ಹಾರದ ಕೆಳಗೆ ಏನೂ ಇಲ್ಲ. ಜೆಪೆಗ್ ಎಂದರೆ ಎಲ್ಲ ಹಾಳೆಗಳನ್ನೂ ಒತ್ತಿ ಒಂದು ಮಾಡಿದ ಫೈಲು. ಮೇಲಿನ ಚುಕ್ಕೆ ಮಾತ್ರ ಉಳಿದು ಅಡಿಯದು ಅಳಿದುಹೋಗಿರುತ್ತದೆ. ಪಕ್ಕದ ಬಣ್ಣವನ್ನು ಎರವಲು ತಂದು ಅಂಗಿಯ ಕಾಲರನ್ನು ಕಟ್ಟಬಹುದು. ಈಗ ಯಂತ್ರವೇ ಊಹಿಸಿ ತುಂಬಿಕೊಡುವುದೂ ಇದೆ. ಆದರೆ ಆ ಕಾಲರು ಅವರು ತೊಟ್ಟದ್ದಲ್ಲ.

ಪಿಎಸ್‌ಡಿ ಎಂಬ ಹೆಸರಿನಲ್ಲಿ ಉಳಿಸಿದ ಫೈಲಿನಲ್ಲಿ ಹಾರ ಬೇರೆ, ಮುಖ ಬೇರೆ. ಹಾರದ ಪದರದ ಪಕ್ಕದ ಕಣ್ಣಿನ ಗುರುತನ್ನು ಒಂದು ಸಲ ಒತ್ತಿದರೆ ಹಾರ ಮರೆಯಾಗಿ ಕೊರಳು ಕಾಣುತ್ತದೆ. ತಿಳಿದ ಕೆಲಸಗಾರ ಗುಂಪುಚಿತ್ರವನ್ನು ಕತ್ತರಿಸುವುದೂ ಇಲ್ಲ. ಬೇಡದ ಭಾಗಕ್ಕೆ ಮಾಸ್ಕ್ ಎಂಬ ಮುಸುಕು ಹಾಕುತ್ತಾನೆ. ಮುಸುಕು ತೆಗೆದರೆ ಪಕ್ಕದಲ್ಲಿ ನಿಂತಿದ್ದ ಅಣ್ಣತಮ್ಮಂದಿರೆಲ್ಲ ಮರಳಿ ಬರುತ್ತಾರೆ.

ಇಂಥ ಫೈಲುಗಳು ಜೆಪೆಗ್‌ಗಿಂತ ಎಷ್ಟೋ ಪಾಲು ದೊಡ್ಡವು. ಹಾರ್ಡ್‌ಡಿಸ್ಕ್ ತುಂಬಿದಾಗ ಅಂಗಡಿಯವರು ಮೊದಲು ಅಳಿಸುವುದು ಇವನ್ನೇ, ಅದೂ ಸಹಜ. ಫಲಕವನ್ನು ಒಯ್ಯುವ ದಿನವೇ ಪಿಎಸ್‌ಡಿಯನ್ನೂ ಸ್ಕ್ಯಾನ್ ಮಾಡಿದ ಮೂಲಚಿತ್ರವನ್ನೂ ಪೆನ್‌ಡ್ರೈವಿಗೆ ಕೇಳಿ ಪಡೆಯುವವರು ಕಡಮೆ.