ಊರವರೇ ಕೊಂಡುಕೊಂಡ ಮಠ

ಪೂಜಾಮಂದಿರಕ್ಕೆ ಬೆಲೆ ಕಟ್ಟಲಾದೀತೇ? ಹದಿನಾರನೇ ಶತಮಾನದ ಇಂಗ್ಲೆಂಡಿನಲ್ಲಿ ಅಧಿಕಾರಿಗಳು ಕಟ್ಟಿದ್ದರು. ಗ್ಲಾಸ್ಟರ್‌ಶೈರ್ ಸೀಮೆಯ ಟ್ಯೂಕ್ಸ್‌ಬರಿ ಎಂಬ ಪಟ್ಟಣದ ಜನ ತಮ್ಮೂರಿನ ಮಠದ ಚರ್ಚನ್ನು 453 ಪೌಂಡ್ ತೆತ್ತು ದೊರೆಯಿಂದ ಬಿಡಿಸಿಕೊಂಡರು. ಅದರ ಗಂಟೆಗಳ ಲೋಹ ಮತ್ತು ಚಾವಣಿಯ ಸೀಸ ಎಷ್ಟು ಬಾಳುತ್ತವೆ ಎಂಬ ಲೆಕ್ಕದ ಮೇಲೆ ನಿಗದಿಯಾದ ಮೊತ್ತವದು.

ಸೆವರ್ನ್ ಮತ್ತು ಏವನ್ ನದಿಗಳ ಸಂಗಮದ ಬಳಿ ಈ ಮಠದ ಚರ್ಚನ್ನು ಕಟ್ಟಿಸಲು ತೊಡಗಿದವನು ನಾರ್ಮನ್ ಸಾಮಂತ ರಾಬರ್ಟ್ ಫಿಟ್ಸ್‌ಹ್ಯಾಮನ್. 1121ರಲ್ಲಿ ಅದರ ಪ್ರತಿಷ್ಠಾಪನೆ ನಡೆಯಿತು. ಪೂರ್ವಭಾಗದಲ್ಲಿ ಬೆನೆಡಿಕ್ಟೈನ್ ಸನ್ಯಾಸಿಗಳ ಪ್ರಾರ್ಥನೆ. ಪಶ್ಚಿಮದ ವಿಶಾಲ ಸಭಾಂಗಣವೇ ಊರವರ ಪ್ಯಾರಿಷ್ ಚರ್ಚ್. ಹೀಗೆ ಒಂದೇ ಸೂರಿನಡಿ ಎರಡು ಸಮುದಾಯಗಳು ಬಾಳಿದವು.

ಪೋಪ್ ಅಧಿಕಾರವನ್ನು ಧಿಕ್ಕರಿಸಿದ ಎಂಟನೇ ಹೆನ್ರಿ 1536ರ ಕಾಯ್ದೆಯ ಮೂಲಕ ಸಣ್ಣ ಮಠಗಳನ್ನು ಮುಚ್ಚಿಸಿದ. ಬಳಿಕ ದೊಡ್ಡವುಗಳ ಸರದಿ. 1540ರ ಜನವರಿಯಲ್ಲಿ ಟ್ಯೂಕ್ಸ್‌ಬರಿ ಶರಣಾಯಿತು. ಅನಗತ್ಯ ಕಟ್ಟಡಗಳೆಂದು ಅಧಿಕಾರಿಗಳು ಮಾಡಿದ ಪಟ್ಟಿಯಲ್ಲಿ ಚರ್ಚೂ ಸೇರಿತ್ತು. ಸಭಾಂಗಣ ಮೊದಲಿನಿಂದಲೂ ತಮ್ಮದೆಂದು ವಾದಿಸಿದ ಜನ, ಉಳಿದ ಭಾಗವನ್ನು ಹಣ ಕೊಟ್ಟು ಪಡೆದರು. ಕೊನೆಯ ಮಠಾಧಿಪತಿ ಜಾನ್ ವೇಕ್‌ಮನ್ 1541ರಲ್ಲಿ ಗ್ಲಾಸ್ಟರ್‌ನ ಮೊದಲ ಬಿಷಪ್ ಆದ. ಸನ್ಯಾಸಿಗಳ ವಸತಿಗಳೂ ಪೂರ್ವ ತುದಿಯ ಮಾತೆ ಮೇರಿಯ ಪ್ರಾರ್ಥನಾಲಯವೂ ನೆಲಸಮವಾದವು.

ಅದೇ ಸೀಮೆಯ ಹೇಲ್ಸ್ ಮಠವೂ 1539ರ ಡಿಸೆಂಬರಿನಲ್ಲಿ ಮುಚ್ಚಿತು. ಅಲ್ಲಿನ ಸಿಸ್ಟರ್ಶಿಯನ್ ಸನ್ಯಾಸಿಗಳ ಚರ್ಚಿನಲ್ಲಿ ಊರವರಿಗೆ ಪಾಲಿರಲಿಲ್ಲ. ಅವರ ಪುಟ್ಟ ಚರ್ಚು ಪಕ್ಕದಲ್ಲೇ ಬೇರೆಯಾಗಿತ್ತು. ಆ ಪುಟ್ಟ ಚರ್ಚು ಇಂದಿಗೂ ನಿಂತಿದೆ. ಮಹಾಮಠದ ಜಾಗದಲ್ಲಿ ಹುಲ್ಲುಹಾಸಿನ ನಡುವೆ ಮುರಿದ ಕಮಾನುಗಳಷ್ಟೇ ಉಳಿದಿವೆ.

ಒಡೆತನದೊಂದಿಗೆ ಹೊರೆಯೂ ಬಂದಿತು. 1559ರಲ್ಲಿ ಗೋಪುರದ ಮೇಲಿನ ಮರದ ಶಿಖರ ಕುಸಿಯಿತು. ಅದನ್ನು ಮತ್ತೆ ಕಟ್ಟಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ವಾಸ್ತುಶಿಲ್ಪಿ ಗಿಲ್ಬರ್ಟ್ ಸ್ಕಾಟ್ ಜೀರ್ಣೋದ್ಧಾರಕ್ಕೆ ಕೈಹಾಕಿದಾಗ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಸಿಡಿದೆದ್ದ. ಜೀರ್ಣೋದ್ಧಾರದ ಹೆಸರಿನಲ್ಲಿ ಶತಮಾನಗಳ ಗುರುತುಗಳನ್ನು ಅಳಿಸಲಾಗುತ್ತಿದೆ ಎಂಬುದು ಆತನ ಆಕ್ಷೇಪ. 1877ರಲ್ಲಿ ಆತ ‘ಅಥೀನಿಯಮ್’ ಪತ್ರಿಕೆಗೆ ಬರೆದ ಪತ್ರದಿಂದಲೇ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘ ಹುಟ್ಟಿತು. ಆ ಸಂಘ ಇಂದಿಗೂ ಸಕ್ರಿಯ.

2007ರ ಜುಲೈನಲ್ಲಿ ನೆರೆ ಪಟ್ಟಣವನ್ನು ಸುತ್ತುವರಿದಾಗ, ನೀರಿನ ನಡುವೆ ದ್ವೀಪದಂತೆ ನಿಂತ ಈ ಚರ್ಚಿನ ಚಿತ್ರ ಜಗತ್ತಿನೆಲ್ಲೆಡೆ ಪ್ರಕಟವಾಯಿತು. ಅಲ್ಲಿ ಪ್ರಾರ್ಥನೆ ಇಂದಿಗೂ ನಡೆಯುತ್ತಿದೆ.

ಸ್ಮಾರಕಗಳ ರಕ್ಷಣೆ ಎಂದೊಡನೆ ನಾವು ಕಾಯ್ದೆ, ಬೇಲಿ, ನಾಮಫಲಕಗಳ ಕಡೆಗೆ ನೋಡುತ್ತೇವೆ. ಅವೆಲ್ಲ ಬೇಕು, ನಿಜ. ಆದರೆ ಟ್ಯೂಕ್ಸ್‌ಬರಿಯನ್ನು ಕಾಯುವ ಕಾಯ್ದೆಯೇ ಆ ದಿನಗಳಲ್ಲಿ ಇರಲಿಲ್ಲ. ಇದ್ದ ಕಾಯ್ದೆ ಕೆಡವುವವರ ಪಕ್ಷದಲ್ಲಿತ್ತು. ಬಾಗಿಲು ತಮಗೂ ತೆರೆದಿದ್ದ ಕಾರಣಕ್ಕೇ ಜನ ಅದಕ್ಕಾಗಿ ಕಿಸೆಗೆ ಕೈಹಾಕಿದರು.